ಹಗುರಾದ ಸ್ಟೇರಿಂಗ್

ನಮ್ಮ ಮನೆಯ ಪ್ಲಿಮತ್ ಕಾರನ್ನು ಎರಡೂವರೆ ವರ್ಷ ನಾವು ಗಂಡ ಹೆಂಡತಿ ಕೂಡಿಯೇ ಓಡಿಸಿದೆವು. ಹೀಗೆಂದರೆ ಜನ ನಗುತ್ತಾರೆ. ನಗಲಿ. ಸಂಶಿಯಿಂದ ಹುಬ್ಬಳ್ಳಿಯವರೆಗೆ ರಸ್ತೆ ಬದಿಯಲ್ಲಿ ನಿಂತವರೆಲ್ಲ ಅದನ್ನು ಕಣ್ಣಾರೆ ನೋಡಿದ್ದಾರೆ.

ಅದು ಐವತ್ತಮೂರನೇ ಇಸವಿಯ ಗಾಡಿ, ನಮ್ಮ ಮಾವ ಹುಬ್ಬಳ್ಳಿಯಲ್ಲಿ ಕೊಂಡದ್ದು. ಮುಂದಿನ ಸೀಟು ಬಾಕಿನ ಹಾಗೆ ಉದ್ದ, ಮೂವರು ಆರಾಮವಾಗಿ ಕೂಡಬಹುದು. ಗೇರಿನ ಹಿಡಿಕೆ ಸ್ಟೇರಿಂಗಿನ ಕೆಳಗೆ, ಎಡಕ್ಕೆ. ಎಲ್ಲಾ ಚೆನ್ನಾಗಿತ್ತು, ಸ್ಟೇರಿಂಗ್ ಚಕ್ರವೊಂದೇ ಬಂಡೆ. ನಿಂತ ಗಾಡಿಯಲ್ಲಿ ಅದನ್ನು ಒಂದು ಸುತ್ತು ತಿರುಗಿಸಿದರೆ ಗಟ್ಟಿಮುಟ್ಟಾದ ಗಂಡಸಿನ ಭುಜವೂ ಸೋತು ಬರುತ್ತಿತ್ತು.

ಎಂಬತ್ತೊಂದರ ದೀಪಾವಳಿ ಮುಗಿದ ವಾರ ನಮ್ಮ ಮನೆಯವರಿಗೆ ಲಕ್ವಾ ಹೊಡೆಯಿತು. ಆಗ ಅವರಿಗೆ ಐವತ್ತೈದು, ನನಗೆ ನಲವತ್ತೇಳು. ಬಲಭಾಗ ಬಿದ್ದಿತ್ತು. ಮೂರು ತಿಂಗಳಲ್ಲಿ ಕಾಲು ಸುಧಾರಿಸಿತು, ಮಾತು ನೆಟ್ಟಗಾಯಿತು, ಬಲಗೈ ಮಾತ್ರ ಅರ್ಧಕ್ಕೆ ನಿಂತಿತು. ಹುಬ್ಬಳ್ಳಿಯ ಡಾಕ್ಟರು ಕಾರು ಓಡಿಸಬೇಡಿ ಎಂದರು. ಡ್ರೈವರನನ್ನು ಇಟ್ಟೆವು, ಇವರ ಬೈಗುಳ ತಾಳದೆ ಆತ ಎರಡು ತಿಂಗಳಿಗೆ ಬಿಟ್ಟು ಹೋದ. ಊರೂರು ತಿರುಗಿ ಹತ್ತಿಯ ಮಾಲು ನೋಡುವ ದಲಾಲಿ ಕೆಲಸ ಇವರದು. ಅಂಥವರು ಕಟ್ಟೆಯ ಮೇಲೆ ಕೂತರು. ಬಂದ ಜನ ಅವರ ಎದುರಿಗೇ ನಿಂತುಕೊಂಡು, ಈರಪ್ಪ ಹೇಗಿದ್ದಾನೆ ಎಂದು ನನ್ನನ್ನು ಕೇಳುತ್ತಿದ್ದರು. ಕೇಳಿ ಕೇಳಿ ನನಗೇ ತಲೆ ಕೆಟ್ಟಿತು. ಒಂದು ದಿನ ಕಾರಿನ ಕೀಲಿ ತಂದು ಅವರ ಮುಂದೆ ಒಗೆದು, ನಾನು ಪಕ್ಕದಲ್ಲಿ ಕೂಡುತ್ತೇನೆ, ನೀವು ಓಡಿಸಿ ಎಂದೆ. ಆದ್ದರಿಂದ ಮುಂದೆ ಆದದ್ದರಲ್ಲಿ ನನ್ನ ಪಾಲೂ ಇದೆ. ಇಲ್ಲ ಎನ್ನುವುದಿಲ್ಲ.

ಅವರು ಎಡಗೈಯಲ್ಲಿ ಚಕ್ರ ಹಿಡಿದು, ಬಲಗೈಯನ್ನೂ ಅದರ ಮೇಲಿಡುತ್ತಿದ್ದರು. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒತ್ತಿ ಕೂತು, ಅದೇ ಚಕ್ರದ ಎಡಭಾಗವನ್ನು ಬಲಗೈಯಲ್ಲಿ ಹಿಡಿಯುತ್ತಿದ್ದೆ. ಮೊದಲ ತಿಂಗಳು ಎಡಕ್ಕೆ, ಬಲಕ್ಕೆ ಎಂದು ಬಾಯಲ್ಲಿ ಹೇಳುತ್ತಿದ್ದರು. ಆಮೇಲೆ ಮಾತು ಬೇಕಾಗಲಿಲ್ಲ. ಯಾವ ತಿರುವಿನಲ್ಲಿ ಎಷ್ಟು ಜಗ್ಗಬೇಕು ಎಂಬುದು ನನ್ನ ಭುಜಕ್ಕೆ ಗೊತ್ತಾಗಿತ್ತು. ಗೇರು ಬದಲಿಸಲು ಅವರು ಎಡಗೈ ತೆಗೆದಾಗ ಚಕ್ರ ಅವರ ಬಲಗೈ ಮತ್ತು ನನ್ನ ಕೈಯ ನಡುವೆ ಉಳಿಯುತ್ತಿತ್ತು. ಎರಡು ಉಸಿರಿನಷ್ಟು ಹೊತ್ತು, ಅಷ್ಟೇ. ಅಷ್ಟರಲ್ಲಿ ಅವರ ಬಲಗೈಯಲ್ಲಿ ಇವತ್ತು ಎಷ್ಟು ಕಸುವಿದೆ ಎಂದು ನನಗೆ ತಿಳಿದುಹೋಗುತ್ತಿತ್ತು.

ಇದು ಸಣ್ಣ ಮಾತಲ್ಲ. ಎಂಬತ್ಮೂರರ ಶ್ರಾವಣದಲ್ಲಿ ಹುಬ್ಬಳ್ಳಿ ಮಾರುಕಟ್ಟೆಗೆ ಹೊರಟಿದ್ದೆವು. ಕುಂದಗೋಳ ದಾಟಿ ಗೇರು ಬದಲಿಸುವಾಗ ಚಕ್ರದ ಭಾರವೆಲ್ಲ ನನ್ನ ಮೇಲೆ ಬಂತು. ಇವರಿಗೆ ಅದರ ಅರಿವೇ ಇರಲಿಲ್ಲ. ಮಾರುಕಟ್ಟೆ ಹಾಳಾಗಲಿ ಎಂದು ಜಗಳ ತೆಗೆದು ಡಾಕ್ಟರ ಬಳಿಗೇ ಕರೆದುಕೊಂಡು ಹೋದೆ. ಬಿ.ಪಿ. ಏರಿತ್ತು. ನಾಲ್ಕು ದಿನ ಇರಿಸಿಕೊಂಡು ಗುಳಿಗೆ ಬದಲಿಸಿದ ಡಾಕ್ಟರು, ಇನ್ನೊಂದು ದಿನ ತಡವಾಗಿದ್ದರೆ ನಾನೇನೂ ಹೇಳುವಂತಿರಲಿಲ್ಲ ಎಂದರು. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಸ್ಟೇರಿಂಗ್‌ನಿಂದ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಊರಲ್ಲಿ ನಗೆಚಾಟಿಕೆ ಇದ್ದೇ ಇತ್ತು. ಬಾಜು ಮನೆಯ ಶಂಕ್ರಪ್ಪ ವರಸೆಯಲ್ಲಿ ನನಗೆ ಮೈದುನ. ಕಾರು ಹೊರಡುವಾಗಲೆಲ್ಲ ಕಟ್ಟೆಯ ಮೇಲಿಂದ ಏನಾದರೂ ಅನ್ನದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

"ವೈನಿ, ಎಡಗಡಿ ಎತ್ತು ಅಗದಿ ಚಲೋ ಜಗ್ಗತೈತಿ ನೋಡ್ರಿ."

"ನಿಮ್ಮನ್ಯಾಗ ಎರಡೂ ಕಡಿ ನಿನ್ನ ಹೇಣ್ತಿನ ಜಗ್ಗತಾಳ. ನೀ ಬರೇ ಗಾಡ್ಯಾಗ ಕುಂತೀದಿ," ಎಂದೆ. ಕಟ್ಟೆಯವರೆಲ್ಲ ನಕ್ಕರು, ಅವನೂ ನಕ್ಕ. ನಮ್ಮ ಮನೆಯವರು ನಗಲಿಲ್ಲ. ಎತ್ತು ಎಂಬ ಮಾತು ಅವರಿಗೆ ನಾಟಿತ್ತು. ಅದು ನನಗೆ ತಿಳಿದದ್ದು ತಡವಾಗಿ.

ಎಂಬತ್ತೈದರ ಮಾಘದಲ್ಲಿ, ಎಣ್ಣೆ ಬದಲಿಸಬೇಕು ಎಂದು ಕಾರನ್ನು ಕುಂದಗೋಳದ ಮಾಬುಸಾಬನ ಗ್ಯಾರೇಜಿಗೆ ಬಿಟ್ಟು ಬಂದರು. ಹೋಗುವಾಗ ನಾನೂ ಜೊತೆಗಿದ್ದೆ. ಎಣ್ಣೆ ಬದಲಿಸಲು ಒಂದು ದಿನ ಸಾಕು. ನಾಲ್ಕು ದಿನವಾದರೂ ಕಾರು ಬರಲಿಲ್ಲ. ಕೇಳಿದರೆ ಮಾತು ಹಾರಿಸಿದರು. ಐದನೇ ದಿನ ಬೆಳಗಿನ ಬಸ್ಸಿಗೆ ನಾನೊಬ್ಬಳೇ ಕುಂದಗೋಳಕ್ಕೆ ಹೋದೆ.

ಕಾರಿನ ಬಾನೆಟ್ ತೆಗೆದಿತ್ತು. ಮುಂದಿನ ಗಾಲಿಗಳು ಕಲ್ಲಿನ ಮೇಲೆ ನಿಂತಿದ್ದವು. ಮಾಬುಸಾಬ ಕೆಳಗಿನಿಂದ ತೆವಳಿ ಹೊರಗೆ ಬಂದ. ಮಲಪ್ರಭಾ ಕಾಲುವೆ ತೋಡುವಾಗ ನವಲಗುಂದದ ಕಡೆ ಡಂಪರುಗಳನ್ನು ರಿಪೇರಿ ಮಾಡುತ್ತಿದ್ದವನು ಅವನು. ಕೈಗುಣ ಒಳ್ಳೆಯದು, ಬಾಯಿ ಮೆತ್ತಗೆ. ಗುಜರಿಗೆ ಹೋದ ಡಂಪರೊಂದರ ಸ್ಟೇರಿಂಗ್ ಪಂಪು, ಪೈಪು, ಸಿಲಿಂಡರು ತಂದು ನಮ್ಮ ಕಾರಿಗೆ ಕೂಡಿಸುತ್ತಿದ್ದ. ಪವರ್ ಸ್ಟೇರಿಂಗ್ ಎಂಬ ಮಾತನ್ನು ನಾನು ಕೇಳಿದ್ದು ಅವತ್ತೇ. ಯಾರನ್ನು ಕೇಳಿ ಕೈ ಹಚ್ಚಿದೆ ಎಂದು ಬೈದೆ. ಅಣ್ಣಾರೇ ಹೇಳಿದ್ದು, ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ ಎಂದ. ಅವನ ಮೇಲೆ ಸಿಟ್ಟು ಮಾಡಿ ಉಪಯೋಗವಿರಲಿಲ್ಲ. ಎಲ್ಲಾ ತೋರಿಸು ಎಂದೆ.

ಒಂದೊಂದೇ ತೋರಿಸಿದ. ಇಂಜಿನ್ನಿನ ಮುಂದೆ ಎರಡು ಬೆಲ್ಟು. ಒಳಗಿನದು ಫ್ಯಾನಿನದು, ಹೊರಗಿನದು ಹೊಸದಾಗಿ ಹಾಕಿದ್ದು, ಪಂಪಿನದು. ಇಂಜಿನ್ನು ತಿರುಗಿದರೆ ಪಂಪು ತಿರುಗುತ್ತದೆ, ಪಂಪು ಎಣ್ಣೆಯನ್ನು ಒತ್ತುತ್ತದೆ, ಎಣ್ಣೆ ಗಾಲಿಯನ್ನು ನೂಕುತ್ತದೆ.

"ಅಕ್ಕಾರ, ನೀವು ಬರೇ ದಿಕ್ಕು ತೋರಿಸಿದ್ರ ಸಾಕ್ರಿ, ನೂಕೂದು ಎಣ್ಣಿ ಕೆಲಸ. ಕಿರಿಬೆರಳಿನಾಗ ತಿರಗತೈತಿ. ಅಣ್ಣಾರು ಒಬ್ಬರ ಹೋಗಿ ಬರಬೋದು."

ಬೆಲ್ಟು ಹರಿದರೆ ಏನು ಎಂದು ಕೇಳಿದೆ. ಮೊದಲಿಗಿಂತ ಭಾರವಾಗುತ್ತದೆ, ಆದರೆ ಹೊಸ ಬೆಲ್ಟು ಹರಿಯುವುದಿಲ್ಲ ಎಂದ. ವೆಲ್ಡಿಂಗ್ ಬಿಟ್ಟರೆ ಎಂದು ಕೇಳಿದೆ. ಸುತ್ತಿಗೆಯಿಂದ ಬಾರಿಸಿ ತೋರಿಸಿದ. ಅವನ ಕೆಲಸದಲ್ಲಿ ತಪ್ಪು ಹುಡುಕಿ, ಬಿಚ್ಚು ಎನ್ನಬೇಕೆಂದು ಬಂದಿದ್ದೆ. ತಪ್ಪು ಸಿಗಲಿಲ್ಲ. ಆ ಚಕ್ರ ಹಗುರಾದರೆ ಇವರ ಕೈಯ ಸುದ್ದಿ ನನಗೆ ಯಾರು ಹೇಳಬೇಕು ಎಂಬುದನ್ನು ಅವನಿಗೆ ಹೇಗೆ ಹೇಳಲಿ. ಊರಿನ ಬಸ್ಸು ಹತ್ತಿದೆ.

ಎರಡು ದಿನದ ಮೇಲೆ ನಾವಿಬ್ಬರೂ ಬಸ್ಸಿನಲ್ಲಿ ಕುಂದಗೋಳಕ್ಕೆ ಹೋಗಿ, ಅಲ್ಲಿಂದ ಕಾರಿನಲ್ಲಿ ಮೂವರು ಊರಿಗೆ ಹೊರಟೆವು. ಇವರು ಸ್ಟೇರಿಂಗಿಗೆ, ನಾನು ಪಕ್ಕದಲ್ಲಿ, ಮಾಬುಸಾಬ ಹಿಂದೆ. ಕುಂದಗೋಳದ ಪೇಟೆಯಲ್ಲಿ ಇವರು ಎರಡು ಬೆರಳಿನಿಂದ ಚಕ್ರ ತಿರುಗಿಸಿ, ಎದುರು ಬಂದ ಚಕ್ಕಡಿಯನ್ನು ತಪ್ಪಿಸಿಕೊಂಡು ಹೋದರು. ಅವರ ಮುಖ ನೋಡಿದೆ. ಮೂರು ವರ್ಷದಲ್ಲಿ ಆ ಮುಖ ನೋಡಿರಲಿಲ್ಲ. ನನಗೂ ಒಂದು ಗಳಿಗೆ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಸಂಶಿ ಒಂದು ಮೈಲು ಇರುವಾಗ ಹಳ್ಳದ ಮುಂದೆ ಎಡಕ್ಕೆ ದೊಡ್ಡ ತಿರುವಿದೆ. ಅಲ್ಲಿ ಯಾವಾಗಲೂ ಇಬ್ಬರೂ ಉಸಿರು ಕಟ್ಟಿ ಜಗ್ಗುತ್ತಿದ್ದೆವು. ತಿರುವು ಕಂಡಿತು. ನನ್ನ ಕೈ ನನ್ನನ್ನು ಕೇಳಲಿಲ್ಲ. ತಾನೇ ಹೋಗಿ ಚಕ್ರ ಹಿಡಿದು, ಎಂದಿನ ಹಾಗೆ ಇಡೀ ಭುಜ ಹಾಕಿ ಎಳೆಯಿತು. ಕಾರು ಬೆದರಿದ ಹೋರಿಯಂತೆ ಎಡಕ್ಕೆ ಚಿಮ್ಮಿ, ರಸ್ತೆ ಬಿಟ್ಟು, ಬದು ಹಾರಿ ಕುಸುಬಿಯ ಹೊಲದ ನಡುವೆ ಹೋಗಿ ನಿಂತಿತು. ಇಂಜಿನ್ನು ಬಂದಾಯಿತು. ಮುಳ್ಳು ಗಿಡಗಳು ಕಿಟಕಿಯೊಳಕ್ಕೆ ಬಾಗಿದ್ದವು. ಹತ್ತು ಮಾರು ಮುಂದೆ ಹಳ್ಳದ ದಂಡೆ.

ಯಾರಿಗೂ ಪೆಟ್ಟಾಗಲಿಲ್ಲ. ಮಾಬುಸಾಬ ಇಳಿದು ಕೆಳಗೆಲ್ಲ ನೋಡಿ, ಗಾಡಿಗೆ ಏನೂ ಆಗಿಲ್ಲ ಎಂದ. ಆಮೇಲೆ ನನ್ನ ಕಿಟಕಿಯ ಬಳಿ ಬಂದು ನಿಂತು, ಇನ್ನು ಮೇಲೆ ನೀವು ಚಕ್ರ ಮುಟ್ಟಬೇಡಿ, ಇದು ಹಳೇ ಚಕ್ರ ಅಲ್ಲ ಎಂದು ಕೈ ಮುಗಿದ. ಇವರು ಮಾತ್ರ ರಸ್ತೆ ನೋಡುತ್ತಾ ಹೇಳಿದರು:

"ಇನ್ನ ನಿನ್ನ ಕೈ ಉಡ್ಯಾಗ ಇಟ್ಕೊಂಡು ಕುಂಡ್ರು. ಇದಕ್ಕ ಮೂರನೇ ಕೈ ಬೇಕಾಗಿಲ್ಲ."

ಕೈ ಉಡಿಯಲ್ಲಿ ಇಟ್ಟುಕೊಂಡೆ. ತಪ್ಪು ನನ್ನದೇ ಆಗಿತ್ತು. ಅವತ್ತಿನಿಂದ ಎಂಟು ದಿನ ಕಾರಿನಲ್ಲಿ ಹಾಗೆಯೇ ಕೂತೆ. ಅವರು ಗೇರು ಬದಲಿಸುವಾಗ ಬಲಗೈ ಚಕ್ರದ ಮೇಲೆ ಇರುತ್ತಿತ್ತು. ಅದು ಹಿಡಿದಿದೆಯೋ, ಸುಮ್ಮನೆ ಬಿದ್ದುಕೊಂಡಿದೆಯೋ ನೋಡಿದರೆ ತಿಳಿಯುತ್ತಿರಲಿಲ್ಲ. ಆ ಚಕ್ರ ಕಾಗೆ ಕೂತರೂ ತಿರುಗುವಂಥದು.

ಕಾರಿನಲ್ಲಿ ತಿಳಿಯದ್ದನ್ನು ಮನೆಯಲ್ಲಿ ಹುಡುಕತೊಡಗಿದೆ. ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಕೊಡು ಎಂದರು. ಯಾಕೆ ಎಂದರೆ ಹಲ್ಲು ನೋವು ಎಂದರು. ಗುಂಡಿಯ ಅಂಗಿ ಬಿಟ್ಟು ತಲೆಯಿಂದ ಹಾಕಿಕೊಳ್ಳುವ ಅಂಗಿ ತೊಟ್ಟರು. ಯಾಕೆ ಎಂದರೆ ಸೆಕೆ ಎಂದರು. ಮಾಘದಲ್ಲಿ ಎಲ್ಲಿಯ ಸೆಕೆ? ಶನಿವಾರ ಚಹಾದ ಬಟ್ಟಲನ್ನು ಬೇಕೆಂದೇ ಅವರ ಬಲಕ್ಕೆ ಇಟ್ಟೆ. ಪೇಪರು ಓದುವವರ ಹಾಗೆ ಮೈ ತಿರುಗಿಸಿ ಎಡಗೈಯಲ್ಲಿ ತೆಗೆದುಕೊಂಡರು. ನನ್ನ ಕಣ್ಣು ತಮ್ಮ ಕೈ ಮೇಲೆಯೇ ಇರುವುದನ್ನು ಕಂಡು ರೇಗಿದರು.

"ನನ್ನ ಕೈ ಏನ್ ಸಂತ್ಯಾಗಿನ ಬದನಿಕಾಯಿ ಏನ, ಹೊಳ್ಳಿಸಿ ಹೊಳ್ಳಿಸಿ ನೋಡಾಕ?"

ಡಾಕ್ಟರ ಬಳಿ ಹೋಗೋಣ ಎಂದೆ. ಹೋದ ತಿಂಗಳು ತೋರಿಸಿದ್ದೇನೆ, ಬಿ.ಪಿ. ಸರಿಯಾಗಿದೆ ಎಂದರು. ಅದೂ ನಿಜವೇ. ನನಗೇ ಭ್ರಮೆಯೋ ಏನೋ ಎಂದು ಅನುಮಾನ ಬಂತು. ಕೆಲಸ ಕಳೆದುಕೊಂಡ ಸಿಟ್ಟಿಗೆ ಇಲ್ಲದ ರೋಗ ಹುಡುಕುತ್ತಿದ್ದೇನೋ ಏನೋ. ಹಾಗೆ ಅಂದುಕೊಂಡು ಒಂದು ತಾಸು ಸುಮ್ಮನಿರುತ್ತಿದ್ದೆ, ಮತ್ತೆ ಅವರ ಕೈಯನ್ನೇ ನೋಡುತ್ತಿದ್ದೆ.

ರವಿವಾರ ಸಂಜೆ ಹೇಳಿದರು: ನಾಳೆ ಅಣ್ಣಿಗೇರಿಯ ಹತ್ತಿ ಬೀಜ ಬಿಡಿಸುವ ಜಿನ್ನಿಗೆ ಹೋಗಬೇಕು, ಒಬ್ಬನೇ ಹೋಗುತ್ತೇನೆ. ನಾನೂ ಬರುತ್ತೇನೆ ಎಂದೆ. ಬೇಡ ಎಂದರು. ಅಲ್ಲಿ ಹತ್ತಿ ವ್ಯಾಪಾರಿಗಳೆಲ್ಲ ಸೇರುತ್ತಾರೆ, ಹೆಂಡತಿಯನ್ನು ಕಟ್ಟಿಕೊಂಡು ಇಳಿಯಲಾರೆ ಎಂದರು. ನಾನು ಕೂಗಾಡಿದೆ, ಅವರೂ ಕೂಗಾಡಿದರು. ಕೊನೆಗೆ ಅವರ ಮಾತೇ ಮೇಲಾಯಿತು.

ಅಣ್ಣಿಗೇರಿಗೆ ಹೋಗುವ ದಾರಿಯಲ್ಲಿ ಲಾರಿಗಳಿವೆ, ರೈಲ್ವೆ ಗೇಟಿದೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಎಡಗೈ ಗೇರಿಗೆ ಹೋದಾಗ ಚಕ್ರ ಯಾರ ಕೈಯಲ್ಲೂ ಇರುವುದಿಲ್ಲ. ಆ ಎರಡು ಉಸಿರು ನನ್ನ ತಲೆಯಿಂದ ಹೋಗಲೇ ಇಲ್ಲ.

ಬೆಳಿಗ್ಗೆ ಅವರು ಸ್ನಾನಕ್ಕೆ ಹೋದ ಹೊತ್ತಿಗೆ ಕುಡಗೋಲು ತೆಗೆದುಕೊಂಡು ಕಾರು ನಿಲ್ಲಿಸುವ ಚಪ್ಪರಕ್ಕೆ ಹೋದೆ. ಬಾನೆಟ್ ಎತ್ತಿ ಒಂದು ಕೈಯಲ್ಲಿ ಹಿಡಿದೆ. ಎರಡು ಬೆಲ್ಟು ಕಂಡವು. ಯಾವುದು ಹೊಸದು, ಯಾವುದು ಹಳೆಯದು ಎಂದು ಒಂದು ಗಳಿಗೆ ಗೊತ್ತಾಗಲಿಲ್ಲ. ಹೊರಗಿನದು. ಕುಡಗೋಲು ಹಾಕಿ ಜಗ್ಗಿದೆ. ಗಟ್ಟಿ ಬೆಲ್ಟು, ಆರೇಳು ಸಲ ಕೊಯ್ಯಬೇಕಾಯಿತು. ಒಳಗೆ ಅವರು ನೀರು ಹಾಕಿಕೊಳ್ಳುವ ಸಪ್ಪಳ ಕೇಳುತ್ತಿತ್ತು. ಪ್ರತಿ ತಂಬಿಗೆಗೂ ಇದೇ ಕೊನೆಯದೇನೋ ಎನ್ನಿಸುತ್ತಿತ್ತು. ಕಡೆಗೆ ಬೆಲ್ಟು ತುಂಡಾಗಿ ಬಿತ್ತು. ಅದನ್ನು ಎಳೆದುಕೊಂಡು ಬಂದು ಬೆರಣಿ ಒಟ್ಟಿದ ಕುಳ್ಳಿನ ಗೂಡಿನ ಹಿಂದೆ ಒಗೆದೆ.

ಅವರು ಟೊಪ್ಪಿಗೆ ಹಾಕಿಕೊಂಡು ಬಂದು ಕಾರು ಚಾಲೂ ಮಾಡಿದರು. ಚಪ್ಪರದಿಂದ ನೆಟ್ಟಗೆ ಹೊರಗೆ ಬಂತು. ಓಣಿಗೆ ಇಳಿದು ಬಲಕ್ಕೆ ಹೊರಳಬೇಕು. ಹೊರಳಲಿಲ್ಲ. ಓಣಿಗೆ ಅಡ್ಡವಾಗಿ, ಶಂಕ್ರಪ್ಪನ ಗೋಡೆಗೆ ಮೂತಿ ಹಚ್ಚುವಷ್ಟು ಹತ್ತಿರ ಹೋಗಿ ನಿಂತಿತು. ಅವರು ಎಡಗೈಯಲ್ಲಿ ಜಗ್ಗುತ್ತಿದ್ದರು, ಕುತ್ತಿಗೆಯ ನರ ಎದ್ದಿದ್ದವು. ನಾನು ಬಾಗಿಲಲ್ಲಿ ನಿಂತಿದ್ದೆ. ಕರೆಯುವವರೆಗೂ ಹೋಗಬಾರದು ಎಂದುಕೊಂಡಿದ್ದೆ. ಮೂರು ಸಲ ಜಗ್ಗಿದ ಮೇಲೆ ತಿರುಗಿ ನೋಡಿದರು.

"ಬಾ. ಹಿಡಿ."

ಹೋಗಿ ಪಕ್ಕದಲ್ಲಿ ಕೂತು ಚಕ್ರ ಹಿಡಿದೆ. ಇಬ್ಬರೂ ಜಗ್ಗಿದೆವು, ಅಷ್ಟಿಷ್ಟು ಹೊರಳಿತು. ಹಿಂದೆ ತೆಗೆದುಕೊಳ್ಳಿ, ಗೇರು ಹಾಕಿ ಎಂದೆ. ಅವರು ಎಡಗೈ ತೆಗೆದರು. ಚಕ್ರ ಅವರ ಬಲಗೈ ಮತ್ತು ನನ್ನ ಕೈಯ ನಡುವೆ ಉಳಿಯಿತು. ನಾನು ಮೆಲ್ಲಗೆ ನನ್ನ ಕಡೆ ಎಳೆದೆ. ಆ ಕಡೆಯಿಂದ ಏನೂ ಬರಲಿಲ್ಲ. ಇನ್ನೊಂದು ಬೆರಳಷ್ಟು ಎಳೆದೆ. ಅವರ ಬಲಗೈ ಚಕ್ರದಿಂದ ಜಾರಿ ತೊಡೆಯ ಮೇಲೆ ಬಿತ್ತು. ಬಿದ್ದದ್ದು ಅವರಿಗೆ ಗೊತ್ತಾಗಲೇ ಇಲ್ಲ. ಅವರು ಹಿಂದಿನ ಕನ್ನಡಿ ನೋಡುತ್ತಿದ್ದರು.

ನಾನು ಕೈ ಚಾಚಿ ಕೀಲಿ ತಿರುಗಿಸಿದೆ. ಇಂಜಿನ್ನು ನಿಂತಿತು.

"ಬೆಲ್ಟ್ ನಾನ ಕೊಯ್ದೀನಿ," ಎಂದೆ.

ಹೊಡೆಯುತ್ತಾರೆ ಎಂದುಕೊಂಡೆ. ತೊಡೆಯ ಮೇಲಿನ ತಮ್ಮ ಕೈಯನ್ನು ನೋಡಿದರು. ಎಡಗೈಯಿಂದ ಅದನ್ನು ಎತ್ತಿ ಮತ್ತೆ ಚಕ್ರದ ಮೇಲೆ ಇಟ್ಟರು. ಅದು ಮತ್ತೆ ಜಾರಿತು.

"ಶುಕ್ರವಾರದಿಂದ," ಎಂದರು. ಆ ಮಾತು ಬಾಯಲ್ಲಿ ಸ್ವಲ್ಪ ದಪ್ಪಗಾಗಿ ಬಂತು. "ಇದೊಂದ ಸಲ ಒಬ್ಬನ ಹೋಗಿ ಬಂದು ಹೇಳೂಣು ಅಂದ್ಕೊಂಡಿದ್ದೆ."

ಮೂರು ದಿನ. ನನ್ನ ಬಾಯಿಗೆ ಬಂದದ್ದೆಲ್ಲ ಬೈದೆ. ಅವರನ್ನು ಬೈದೆ, ಮಾಬುಸಾಬನನ್ನು ಬೈದೆ, ಜಿನ್ನಿನ ವ್ಯಾಪಾರಿಗಳನ್ನು ಬೈದೆ. ಬೈಯುತ್ತಲೇ ಇಳಿದು ಆ ಬದಿಗೆ ಹೋಗಿ ಅವರನ್ನು ತೋಳು ಹಿಡಿದು ಇಳಿಸಿದೆ. ಬಲಗಾಲು ನೆಲಕ್ಕೆ ಎಳೆದ ಹಾಗಾಯಿತು. ಶಂಕ್ರಪ್ಪ ಓಡಿ ಬಂದ. ಅವತ್ತು ಅವನ ಬಾಯಿಂದ ಯಾವ ಚೇಷ್ಟೆಯೂ ಬರಲಿಲ್ಲ. ಊರಲ್ಲಿ ಬೇರೆ ಕಾರಿಲ್ಲ. ಒಂಬತ್ತರ ಹುಬ್ಬಳ್ಳಿ ಬಸ್ಸು ಇನ್ನೂ ಹೋಗಿಲ್ಲ, ಹೋಗಿ ತಡೆದು ನಿಲ್ಲಿಸು ಎಂದು ಅವನನ್ನು ಕಳಿಸಿದೆ.

ಕಾರು ಓಣಿಗೆ ಅಡ್ಡ ನಿಂತಿತ್ತು. ಹಿಂದೆ ಎರಡು ಚಕ್ಕಡಿ ಬಂದು ನಿಂತವು. ನಾಲ್ಕು ಜನ ನೂಕಿದರೂ ಮೂತಿ ಹೊರಳಲಿಲ್ಲ, ಒಬ್ಬ ಒಳಗೆ ಕೂತು ಚಕ್ರದ ಮೇಲೆ ಜೋತುಬಿದ್ದಿದ್ದ. ಅದನ್ನು ನೋಡುತ್ತಾ ನಿಂತಾಗ ಹೊಳೆಯಿತು. ಬೆಲ್ಟು ಇದ್ದಿದ್ದರೆ ಯಾರಾದರೂ ಟ್ರ್ಯಾಕ್ಟರ್ ಬಲ್ಲವನು ಇದೇ ಕಾರಿನಲ್ಲಿ ಇವರನ್ನು ಅರ್ಧ ತಾಸಿನಲ್ಲಿ ಹುಬ್ಬಳ್ಳಿಗೆ ಮುಟ್ಟಿಸಬಹುದಿತ್ತು. ಬೆಲ್ಟು ಇದ್ದಿದ್ದರೆ ಇವರು ಇಷ್ಟು ಹೊತ್ತಿಗೆ ಅಣ್ಣಿಗೇರಿಯ ದಾರಿಯಲ್ಲಿ ಇರುತ್ತಿದ್ದರು ಎಂಬುದೂ ಹೊಳೆಯಿತು. ಎರಡನ್ನೂ ತೂಗಿ ನೋಡಲು ನನಗೆ ಪುರುಸೊತ್ತು ಇರಲಿಲ್ಲ.

ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಬಂತು. ಆ ಇಪ್ಪತ್ತು ನಿಮಿಷ ಅವರನ್ನು ಮಾತಾಡಿಸುತ್ತಲೇ ಇದ್ದೆ. ಜಿನ್ನಿನ ಹೆಸರು ಹೇಳಿ, ನಿಮ್ಮ ತಾಯಿಯ ತವರೂರು ಹೇಳಿ, ಇವತ್ತು ಯಾವ ವಾರ ಹೇಳಿ. ಹುಚ್ಚಿ ಎಂದರು. ಆ ಮಾತು ಸ್ಪಷ್ಟವಾಗಿ ಬಂತು, ಅಷ್ಟಕ್ಕೇ ಧೈರ್ಯ ಬಂತು. ಕಂಡಕ್ಟರ್ ಮುಂದಿನ ಸೀಟು ಬಿಡಿಸಿಕೊಟ್ಟ.

ನಾನು ಅವರ ಬಲಕ್ಕೆ ಕೂತೆ. ಇಷ್ಟು ವರ್ಷದಲ್ಲಿ ಆ ಬದಿಗೆ ಎಂದೂ ಕೂತಿರಲಿಲ್ಲ. ಬಸ್ಸಿನ ತುಂಬ ಜನ, ಪರಿಚಯದವರು, ಹಿರಿಯರು. ಯಾರು ಏನಾದರೂ ಅಂದುಕೊಳ್ಳಲಿ ಎಂದು ಅವರ ಬಲಗೈ ಎತ್ತಿ ನನ್ನ ಉಡಿಯಲ್ಲಿ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದೆ. ನನ್ನ ಬೆರಳು ಒತ್ತಿರಿ ಎಂದೆ. ಅವರು ಕಣ್ಣು ಮುಚ್ಚಿ ಹಲ್ಲು ಕಚ್ಚಿದರು. ಒತ್ತುತ್ತಿದ್ದೇನೆ ಎಂದರು. ಏನೂ ತಿಳಿಯಲಿಲ್ಲ. ಇನ್ನೊಮ್ಮೆ ಎಂದೆ.

ಕುಂದಗೋಳ ಬಂತು, ಜನ ಇಳಿದರು, ಹತ್ತಿದರು. ಬೇಗ ಬಿಡಪ್ಪಾ ಎಂದು ಡ್ರೈವರನಿಗೆ ಕೂಗಿದೆ. ಊರು ದಾಟಿ ಬಸ್ಸು ಓಡತೊಡಗಿದಾಗ ಅವರ ಕಿರಿಬೆರಳು ನನ್ನ ಅಂಗೈಯಲ್ಲಿ ಒಂದು ಸಲ ಅಲುಗಿದ ಹಾಗಾಯಿತು. ಅವರೇ ಅಲುಗಿಸಿದರೋ, ಬಸ್ಸು ಕುಲುಕಿತೋ ಗೊತ್ತಾಗಲಿಲ್ಲ. ಮತ್ತೆ ಒತ್ತಿರಿ ಎಂದು ಹೇಳಿ, ರಸ್ತೆ ನುಣ್ಣಗಿರುವ ಜಾಗ ಬರಲಿ ಎಂದು ಕಾಯುತ್ತಾ ಕೂತೆ.